ಬಿಸಿಯಾದರೆ ನಿಲ್ಲುವ ಹಳೆ ಕಾರು: ಮಾಡ್ಯೂಲ್ ಬದಲಿಸಲಾ?

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಹಳೆ ಪೆಟ್ರೋಲ್ ಕಾರು, ಎಲೆಕ್ಟ್ರಾನಿಕ್ ಇಗ್ನಿಷನ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿದರೆ ತಟ್ಟನೆ ಆಫ್. 20 ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಪ್ಲಗ್, ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವುದು) ಹೊಸದು ಹಾಕಿಸಿದ್ದಾಯಿತು. ಈಗ ಮೆಕ್ಯಾನಿಕ್ ಇಗ್ನಿಷನ್ ಮಾಡ್ಯೂಲ್ (ಕಾಯಿಲಿನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಬದಲಿಸಿ ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

— ಸ್ವಲ್ಪ ತಡೆಯಿರಿ. ನಾನೂ ಇದೇ ಮಾತು ಕೇಳಿ ಮಾಡ್ಯೂಲ್ ಹಾಕಿಸಿದ್ದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿದ್ದು ಪಿಕಪ್ ಕಾಯಿಲಿನ ವೈರು. ಡಿಸ್ಟ್ರಿಬ್ಯೂಟರ್ ಒಳಗಿದ್ದು, ಯಾವಾಗ ಕಿಡಿ ಬೇಕು ಅಂತ ಮಾಡ್ಯೂಲಿಗೆ ಸಿಗ್ನಲ್ ಕೊಡುವುದು ಈ ಪಿಕಪ್. ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ಸಾಧನ) ಎಳೆದಾಗೆಲ್ಲ ಡಿಸ್ಟ್ರಿಬ್ಯೂಟರ್ ಒಳಗಿನ ತಟ್ಟೆ ಅತ್ತಿತ್ತ ತಿರುಗುತ್ತದೆ, ಅದರ ಜೊತೆ ಈ ವೈರೂ ಬಗ್ಗುತ್ತದೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಒಳಗಿನ ತಾಮ್ರ ತುಂಡಾಗಿತ್ತು. ಮೇಲಿನ ಹೊದಿಕೆ ಮಾತ್ರ ಹೊಸದರ ಹಾಗೇ ಇತ್ತು! ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ಪಿಕಪ್ಪಿನ ಎರಡು ತುದಿಗೆ ಹಿಡಿದು, ವೈರನ್ನು ಮೆಲ್ಲಗೆ ಬಗ್ಗಿಸುತ್ತಾ ಬಂದೆ. ಒಂದು ಜಾಗದಲ್ಲಿ ಅಂಕಿ ಮಾಯವಾಯಿತು.

ಗಾಡಿ ನಿಂತಾಗಲೇ ನೋಡಬೇಕು. ತಣ್ಣಗಾದ ಮೇಲೆ ಎಲ್ಲವೂ ಸರಿಯಾಗೇ ಇರುತ್ತದೆ. ಸ್ಪಾರ್ಕ್ ಟೆಸ್ಟರ್, 12 ವೋಲ್ಟ್ ಟೆಸ್ಟ್ ಲ್ಯಾಂಪ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಹುಡುಕಿ. ಕಿಡಿ ಇಲ್ಲವಾ? ಕೀ ಆನ್ ಮಾಡಿ, ಕಾಯಿಲಿನ ಪ್ಲಸ್‌ಗೆ ಕರೆಂಟ್ ಬರುತ್ತಿದೆಯಾ ನೋಡಿ. ಬರುತ್ತಿಲ್ಲ ಅಂದರೆ ಕೀ ಸ್ವಿಚ್ಚೋ ವೈರಿಂಗೋ. ಬರುತ್ತಿದ್ದರೆ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಾಯಿಲಿನ ಮೈನಸ್‌ಗೆ ಕೊಟ್ಟು ಸೆಲ್ಫ್ ಹೊಡೆಸಿ. ಮಿಣುಕಿದರೆ ಮಾಡ್ಯೂಲ್, ಪಿಕಪ್ ಎರಡೂ ಕೆಲಸ ಮಾಡುತ್ತಿವೆ. ಕಾಯಿಲ್, ಡಿಸ್ಟ್ರಿಬ್ಯೂಟರಿನ ರೋಟರ್ (ಒಳಗೆ ತಿರುಗುವ ತುಂಡು), ಕ್ಯಾಪ್ (ಮುಚ್ಚಳ) ನೋಡಿ. ಮಿಣುಕದಿದ್ದರೆ ಮೊದಲು ಪಿಕಪ್ ಅಳೆಯಿರಿ, ಆಮೇಲೆ ಮಾಡ್ಯೂಲ್.

ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆ ಚಟ ಬೇಡ. ಮಾಡ್ಯೂಲ್ ಬರುವ ಮೊದಲಿನ ಪಾಯಿಂಟ್ (ಮೆಕ್ಯಾನಿಕಲ್ ಸ್ವಿಚ್) ಕಾಲದ್ದಕ್ಕಿಂತ ಇದರ ಹೊಡೆತ ಜಾಸ್ತಿ.

— ನನ್ನ ಗಾಡಿಯಲ್ಲಿ ಮಾತ್ರ ಮಾಡ್ಯೂಲೇ ಹೋಗಿತ್ತು. ಇಂಜಿನ್ ಐಡಲ್‌ನಲ್ಲಿ ಬಿಟ್ಟು ಹೇರ್ ಡ್ರೈಯರಿನಿಂದ ಅದಕ್ಕೊಂದಕ್ಕೇ ಬಿಸಿ ಗಾಳಿ ಕೊಟ್ಟೆ. ಸ್ವಲ್ಪ ಹೊತ್ತಿಗೇ ಆಫ್. ಬಿಚ್ಚಿ ನೋಡಿದರೆ ಅಡಿಯಲ್ಲಿ ಶಾಖ ಎಳೆಯುವ ಬಿಳಿ ಪೇಸ್ಟ್ ಒಣಗಿ ಪುಡಿಯಾಗಿತ್ತು. ಹೊಸದು ಕೂರಿಸುವ ಮುಂಚೆ ಅಡಿ ಒರೆಸಿ ಪೇಸ್ಟ್ ಹಚ್ಚಲೇಬೇಕು, ಇಲ್ಲವಾದರೆ ಅದೂ ಬೆಂದುಹೋಗುತ್ತದೆ.

— ಆರ್‌ಪಿಎಂ ಮುಳ್ಳು ಗಮನಿಸಿದ್ದೀರಾ? ಎಷ್ಟೋ ಹಳೆ ಗಾಡಿಗಳಲ್ಲಿ ಅದು ಓಡುವುದು ಕಾಯಿಲಿನ ಮೈನಸ್‌ನಿಂದ. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ತೊಂದರೆ ಕಿಡಿ ಕಡೆಯದು, ಪೆಟ್ರೋಲ್ ಮೇಲೆ ಅನುಮಾನ ಬೇಡ.

— ಈಗ ನೆನಪಾಯಿತು, ನನ್ನದು ಹಾಗೇ ಬೀಳುತ್ತದೆ! ಮಾಡ್ಯೂಲ್ ಸದ್ಯಕ್ಕೆ ಬೇಡ ಅಂತ ಹೇಳಿದ್ದೇನೆ. ಭಾನುವಾರ ಕ್ಯಾಪ್ ಬಿಚ್ಚಿ ಆ ವೈರು ಬಗ್ಗಿಸಿ ನೋಡುತ್ತೇನೆ.