ಎಲ್‌ಇಡಿ ಹಾಕಿದ ಮೇಲೆ ಬಲ್ಬ್ ವಾರ್ನಿಂಗ್ ಹೋಗ್ತಾ ಇಲ್ಲ

ಪ್ರಶ್ನೆ (ಕುಂಬಳೆ): ಗಾಡಿಯ ಹೆಡ್‌ಲೈಟಿನ ಎಚ್7 ಹ್ಯಾಲೊಜೆನ್ ಬಲ್ಬ್ ತೆಗೆದು 25 ವಾಟ್ ಎಲ್‌ಇಡಿ ಹಾಕಿದ್ದು. ಎರಡೂ ಉರಿಯುತ್ತದೆ, ಆದರೂ ಮೀಟರಿನಲ್ಲಿ ‘ಬಲ್ಬ್ ಹೋಗಿದೆ’ ಅಂತ ಬರ್ತಾ ಉಂಟು. ಎಡದ್ದು ಮಿಣಮಿಣ ಅಂತದೆ. ಎಂತ ಮಾಡುವುದು?

ಉತ್ತರ 1: ಹಳೇ ಬಲ್ಬ್ 55 ವಾಟ್, ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತಿತ್ತು. ಈಗ ಎರಡೇ. ಕರೆಂಟ್ ಕಮ್ಮಿಯಾದರೆ ಗಾಡಿಯ ಕಂಟ್ರೋಲ್ ಮಾಡ್ಯೂಲ್‌ಗೆ ಫಿಲಮೆಂಟ್ ತುಂಡಾದ ಲೆಕ್ಕ. ಎರಡೂ ಬದಿಗೆ ಕ್ಯಾನ್‌ಬಸ್ ಡಿಕೋಡರ್ (ಬಲ್ಬ್ ಸರಿಯಿದೆ ಅಂತ ಮಾಡ್ಯೂಲ್‌ಗೆ ತೋರಿಸುವ ಸಣ್ಣ ಡಬ್ಬಿ) ಹಾಕಿ.

ಉತ್ತರ 2: ಅದರಲ್ಲೂ ಹೋಗದಿದ್ದರೆ 6 ಓಮ್, 50 ವಾಟ್ ರೆಸಿಸ್ಟರ್ ಹಾಕಿ, ಬಲ್ಬಿಗೆ ಪ್ಯಾರಲಲ್ ಆಗಿ (ಬಲ್ಬಿನ ಎರಡು ವಯರುಗಳ ನಡುವೆ); ಕಮ್ಮಿಯಾದ ಕರೆಂಟನ್ನು ಅದು ಎಳೆಯುತ್ತದೆ. ಕೈ ಸುಡುವಷ್ಟು ಬಿಸಿಯಾಗ್ತದೆ ಮಾರಾಯ್ರೆ! ಬಾಡಿಯ ತಗಡಿಗೇ ಸ್ಕ್ರೂ ಹಾಕಿ ಬಿಗಿಯಿರಿ; ಪ್ಲಾಸ್ಟಿಕ್‌ಗೆ ತಾಗಿದರೆ ಕರಗೀತು.

ಉತ್ತರ 3: ದುಡ್ಡು ಹಾಕುವ ಮೊದಲು ಬಲ್ಬ್ ಅದಲುಬದಲು ಮಾಡಿ. ಮಿಣುಕು ಎಡದಲ್ಲೇ ಉಳಿದರೆ ಅರ್ತಿಂಗ್, ಕನೆಕ್ಟರ್ ಪಿನ್ ನೋಡಿ. ನಮ್ಮ ಕಡಲ ಬದಿಯಲ್ಲಿ ಹಸಿರು ಕಿಲುಬು ಬೇಗ ಹಿಡಿಯುತ್ತದೆ.