ಹಳೇ ಇಂಗ್ಲಿಷ್ ಉಯಿಲಿನ ನೀಸ್, ರೆಲಿಕ್ಟ್, ಅಡ್ಮನ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ನನ್ನ ತಂಗಿಯ ಮಗಳು ಇಂಗ್ಲೆಂಡಿನ ಡೆವನ್ ಕಡೆಯ ಹುಡುಗನನ್ನು ಮದುವೆಯಾಗಿದ್ದಾಳೆ. ಅವನ ಮನೆತನದ ಹಳೇ ಉಯಿಲುಗಳನ್ನು ಹುಡುಕುತ್ತಿದ್ದಾಳೆ. ಸಿಕ್ಕಿದ್ದನ್ನು ಅಜ್ಜಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದುಕೊಡು ಮಾವ ಅಂತ ನನ್ನ ಬೆನ್ನು ಬಿದ್ದಿದ್ದಾಳೆ. ಜಮೀನು, ಸಾಲ, ಸಾಕ್ಷಿ ಇವಕ್ಕೆಲ್ಲ ಪದ ಇದೆ. ನಂಟಿನ ಪದಗಳೇ ಕೈಕೊಡುತ್ತಿವೆ.

ಶೇಕ್ಸ್‌ಪಿಯರನ ಉಯಿಲನ್ನೇ ನೋಡಿ, 1616ರದ್ದು. ಹೆಂಡತಿಗೆ ಇದ್ದುದರಲ್ಲಿ ಎರಡನೇ ಒಳ್ಳೇ ಮಂಚ ಬಿಟ್ಟುಹೋದ ಅನ್ನೋದು ಎಲ್ಲರಿಗೂ ಗೊತ್ತು. ಅದೇ ಉಯಿಲಿನಲ್ಲಿ ಎಲಿಜಬೆತ್ ಹಾಲ್ ಎಂಬ ಹುಡುಗಿಯನ್ನು ‘ನೀಸ್’ ಅಂದಿದೆ. ಈಗ ಆ ಪದಕ್ಕೆ ಒಡಹುಟ್ಟಿದವರ ಮಗಳು ಅಂತ ಅರ್ಥ. ಆಕೆ ಹಿರಿಮಗಳು ಸುಸಾನಾಳ ಮಗಳು, ಅಂದರೆ ಅವನ ಸ್ವಂತ ಮೊಮ್ಮಗಳು! ಆಗ ಆ ಪದಕ್ಕೆ ಆ ಅರ್ಥವೂ ಇತ್ತು. ಹಾಗೇ ‘ಸನ್ ಇನ್ ಲಾ’ ಅಂದರೆ ಮಗಳ ಗಂಡನೂ ಆಗಬಹುದು, ಹೆಂಡತಿಗೆ ಮೊದಲ ಗಂಡನಿಂದ ಹುಟ್ಟಿದ ಮಗನೂ ಆಗಬಹುದು. ‘ಕಸಿನ್’ ಅಂತೂ ಅಣ್ಣನ ಮಗನಿಂದ ಹಿಡಿದು ದೂರದ ನೆಂಟನವರೆಗೆ ಯಾರಿಗೆ ಬೇಕಾದರೂ ಹೊಂದುತ್ತದೆ. ವಂಶವೃಕ್ಷ ಬರೆಯುವವರಿಗೆ ಒಂದು ತಲೆಮಾರೇ ಅದಲುಬದಲಾಗುವುದು ಇಂಥ ಕಡೆಯೇ.

ನಮಗಿದು ಹೊಸದಲ್ಲ ಬಿಡಿ. ಅಳಿಯ ಅಂದರೆ ಮಗಳ ಗಂಡನೋ, ಅಕ್ಕನ ಮಗನೋ? ಕರಾವಳಿಯ ಅಳಿಯಸಂತಾನದಲ್ಲಿರುವ ಅಳಿಯ ಎರಡನೆಯವನು. ತಂಗಿಯ ಮಗಳು ನನಗೂ ಸೊಸೆಯೇ. ಆದರೆ ‘ನೀಸ್’ಗೆ ಸುಮ್ನೆ ಸೊಸೆ ಅಂತ ಹಾಕಿದರೆ ಓದುವವರು ಮಗನ ಹೆಂಡತಿ ಅಂದುಕೊಳ್ಳುತ್ತಾರೆ. ಇನ್ನು ‘ಸನ್ ಇನ್ ಲಾ’ಗೆ ಮಲಮಗ ಅನ್ನಬಹುದು, ಕಿವಿಗೆ ಸ್ವಲ್ಪ ಒರಟು ಅಲ್ವಾ?

‘ಮೈ ನೌ ವೈಫ್’ ಅಂತ ಇನ್ನೊಂದು ಬರುತ್ತದೆ. ‘ನನ್ನ ಈಗಿನ ಹೆಂಡತಿ’ ಅಂತ ಬರೆದರೆ, ಮೊದಲೊಬ್ಬಳಿದ್ದಳು ಅಂತ ಮನೆಯಲ್ಲಿ ಗುಸುಗುಸು ಶುರು. ಹಾಗೇನೂ ಇರಬೇಕಿಲ್ಲ. ಇವಳು ತೀರಿಕೊಂಡು ತಾನು ಮತ್ತೆ ಮದುವೆಯಾದರೆ ಈ ಪಾಲು ಬರುವವಳಿಗೆ ಹೋಗಬಾರದು ಅಂತ ಕಾನೂನಿನ ಎಚ್ಚರಿಕೆ ಅದು. ‘ಇವತ್ತಿಗೆ ನನ್ನ ಹೆಂಡತಿಯಾಗಿರುವ’ ಅಂದರೆ ಸರಿಹೋದೀತೇ? ‘ರೆಲಿಕ್ಟ್’ ಅಂದರೆ ಗಂಡ ಸತ್ತವಳು. ವಿಧವೆ ಅನ್ನುವುದಕ್ಕಿಂತ ‘ದಿವಂಗತ ಇಂಥವರ ಪತ್ನಿ’ ಅನ್ನುವುದೇ ನನಗೆ ಇಷ್ಟ.

ಹುಡುಕುತ್ತಿರುವ ಬೇರೆಯವರಿಗೂ ಉಪಯೋಗವಾದೀತು ಅಂತ ಇದನ್ನೂ ಹೇಳಿಬಿಡುತ್ತೇನೆ. 1858ರ ಜನವರಿ 12ಕ್ಕೆ ಮೊದಲು ಅಲ್ಲಿ ಪ್ರೊಬೇಟ್, ಅಂದರೆ ಉಯಿಲು ಸಿಂಧು ಅನ್ನುವ ಕೋರ್ಟಿನ ಒಪ್ಪಿಗೆ, ಕೊಡುತ್ತಿದ್ದುದು ಮುಖ್ಯವಾಗಿ ಚರ್ಚಿನ ಕೋರ್ಟುಗಳು. ಡೆವನ್ನಿನ ಉಯಿಲುಗಳು ಹೆಚ್ಚಿನವು ಎಕ್ಸಿಟರ್ ಊರಿನಲ್ಲಿದ್ದವು, 1942ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಆದರೆ ಒಂದಕ್ಕಿಂತ ಜಾಸ್ತಿ ಧರ್ಮಪ್ರಾಂತ್ಯಗಳಲ್ಲಿ ಆಸ್ತಿಪಾಸ್ತಿ ಇದ್ದವರ ಉಯಿಲು ಮೇಲಿನ ಕೋರ್ಟಿಗೆ, ಅಂದರೆ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಕೋರ್ಟಿಗೆ ಹೋಗುತ್ತಿತ್ತು. ಆ ಕೋರ್ಟಿನ ನಕಲು ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. 1384ರಿಂದ 1858ರವರೆಗಿನವು, ‘ಪ್ರಾಬ್ 11’ ಎಂಬ ಸರಣಿ. ಅವರ ಜಾಲತಾಣದಲ್ಲಿ ಹೆಸರು ಹಾಕಿದರೆ ಸಾಕು. ನಮ್ಮ ಹುಡುಗಿಗೆ ಸಿಕ್ಕಿದ್ದೂ ಅಲ್ಲೇ. ಹೆಂಗಸರ ಉಯಿಲು ಸಿಗಲಿಲ್ಲ ಅಂತ ಬೇಜಾರು ಬೇಡ. ಮದುವೆಯಾದ ಹೆಂಗಸರ ಆಸ್ತಿಯ ಬಗ್ಗೆ 1882ರ ಕಾನೂನು ಬರುವವರೆಗೂ ಮದುವೆಯಾದವಳು ಸಾಮಾನ್ಯವಾಗಿ ಗಂಡನ ಒಪ್ಪಿಗೆ ಇಲ್ಲದೆ ಉಯಿಲು ಬರೆಯುವಂತಿರಲಿಲ್ಲ.

ಕೊನೆಯದು ‘ಅಡ್ಮನ್’. ಉಯಿಲು ಬರೆಯದೆ ಸತ್ತವರ ಆಸ್ತಿಯನ್ನು ವಿಲೇವಾರಿ ಮಾಡಲು ಹೆಂಡತಿಗೋ ಹತ್ತಿರದ ನೆಂಟರಿಗೋ ಕೋರ್ಟು ಕೊಡುತ್ತಿದ್ದ ಪತ್ರ. ನಮ್ಮಲ್ಲೂ ‘ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್’ ಅಂತ ಇದೆಯಲ್ಲ, ಅದೇ. ವಕೀಲರ ಗುಮಾಸ್ತರು ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಧಾರವಾಡದ ಕಡೆ ಉಯಿಲಿಗೆ ಮೃತ್ಯುಪತ್ರ ಅನ್ನುವವರು ಇದಕ್ಕೂ ಬೇರೆ ಹೆಸರು ಇಟ್ಟುಕೊಂಡಿದ್ದಾರೆಯೇ? ಕೋರ್ಟಿನಲ್ಲಿ ಓಡಾಡಿದವರು ದಯವಿಟ್ಟು ಹೇಳಿ. ನಿಘಂಟಿನ ಪದ ಬೇಡ, ಬಾಯಲ್ಲಿ ಓಡಾಡುವ ಪದ ಬೇಕು.