ಅಡಿಕೆ ಸುಲಿಯುವ ಯಂತ್ರದ ಇಂಗ್ಲಿಷ್ ಕೈಪಿಡಿ: ಯಾವ ಸ್ಟೈಲ್ ಗೈಡ್, ಬಳಸುವುದು ಹೇಗೆ?

ಬೈಕಂಪಾಡಿ ವರ್ಕ್‌ಶಾಪ್ (ಪ್ರಶ್ನೆ)

ನಾವು ಬೈಕಂಪಾಡಿಯಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುವವರು. ಕೇರಳಕ್ಕೂ ಅಸ್ಸಾಮಿಗೂ ಹೋಗುವ ಕಾರಣ ಕೈಪಿಡಿ ಇಂಗ್ಲಿಷಿನಲ್ಲೇ ಬೇಕು. ಈಗಿನದ್ದನ್ನು ಬೇರೆ ಬೇರೆ ಜನ ಬರೆದಿದ್ದಾರೆ. ಒಂದೇ ಭಾಗಕ್ಕೆ ಒಂದು ಪುಟದಲ್ಲಿ ಹಾಪರ್, ಇನ್ನೊಂದರಲ್ಲಿ ಫೀಡರ್, ಮತ್ತೊಂದರಲ್ಲಿ ಟ್ರೇ. ವಾಕ್ಯಗಳು ಹೀಗುಂಟು:

“ಇಟ್ ಶುಡ್ ಬಿ ಎನ್ಶೂರ್ಡ್ ದಟ್ ದ ಚೆಕಿಂಗ್ ಆಫ್ ದ ಬೆಲ್ಟ್ ಟೆನ್ಷನ್ ಈಸ್ ಕ್ಯಾರಿಡ್ ಔಟ್ ಪ್ರಯರ್ ಟು ಸ್ಟಾರ್ಟಿಂಗ್ ಆಫ್ ದ ಮೋಟರ್ ಆಂಡ್ ಇಫ್ ಫೌಂಡ್ ಲೂಸ್ ದ ಸೇಮ್ ಮೇ ಬಿ ಟೈಟನ್ಡ್.”

ಸ್ಟೈಲ್ ಗೈಡ್ (ಬರವಣಿಗೆಯ ನಿಯಮಗಳ ಪುಸ್ತಕ) ಇಟ್ಟುಕೊಂಡು ಬರೆಯಿರಿ ಅನ್ನುತ್ತಾರೆ. ಯಾವುದನ್ನು ಹಿಡಿಯುವುದು? ಮೊದಲು ಇಡೀ ಗೈಡ್ ಓದಬೇಕಾ, ಬರೆದ ಮೇಲೆ ನೋಡಿದರೆ ಸಾಕಾ?

ಮಣಿಪಾಲ ಡಾಕ್ಸ್

ಇಡೀ ಓದುವುದು ಬೇಡ. ಸಂಶಯ ಬಂದಲ್ಲಿ ತೆರೆದು ನೋಡಿ, ನಿಮ್ಮ ತೀರ್ಮಾನವನ್ನು ಒಂದು ಹಾಳೆಯಲ್ಲಿ ಬರೆದಿಡಿ. ದಿನನಿತ್ಯ ಕೈಗೆ ಬರುವುದು ಆ ಹಾಳೆಯೇ, ಗೈಡ್ ಅಲ್ಲ.

ಯಂತ್ರದ ಕೈಪಿಡಿಗೆ ಎಎಸ್‌ಡಿ-ಎಸ್‌ಟಿಇ100 (ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್, ಚಿಕ್ಕದಾಗಿ ಎಸ್‌ಟಿಇ) ಸರಿಯಾದ ಆಧಾರ. ಇಂಗ್ಲಿಷ್ ಮನೆಮಾತಲ್ಲದ ವಿಮಾನ ಮೆಕ್ಯಾನಿಕ್‌ಗಳಿಗೂ ತಪ್ಪಿಲ್ಲದೆ ಅರ್ಥವಾಗಬೇಕೆಂದು ಕಟ್ಟಿದ ನಿಯಮಗಳು ಅದರಲ್ಲಿವೆ. ಕೆಲಸದ ಹಂತ ಹೇಳುವ ವಾಕ್ಯ 20 ಪದ ದಾಟಬಾರದು, ವಿವರಿಸುವ ವಾಕ್ಯ 25. ಒಂದು ವಾಕ್ಯಕ್ಕೆ ಒಂದೇ ಸೂಚನೆ. ನಾಮಪದಗಳನ್ನು ಮೂರಕ್ಕಿಂತ ಹೆಚ್ಚು ಪೋಣಿಸಬಾರದು; ‘ಬ್ಲೇಡ್ ಗ್ಯಾಪ್ ಅಡ್ಜಸ್ಟ್‌ಮೆಂಟ್ ಸ್ಕ್ರೂ ಲಾಕ್ ನಟ್’ ಅಂದರೆ ಹೊಸಬನಿಗೆ ಯಾವ ನಟ್ ಎಂದೇ ತಿಳಿಯದು. ಅದರ ಪದಪಟ್ಟಿಯಲ್ಲಿ ಇಲ್ಲದ ನಿಮ್ಮ ಯಂತ್ರಭಾಗಗಳ ಹೆಸರನ್ನು ಸೇರಿಸಿಕೊಳ್ಳಲು ನಿಯಮದಲ್ಲೇ ಅವಕಾಶ ಉಂಟು.

ಹಾಳೆಯಲ್ಲಿ ಮೊದಲು ಬರಬೇಕಾದದ್ದು ಭಾಗಗಳ ಹೆಸರು. ಡ್ರಾಯಿಂಗ್ ಎದುರಿಟ್ಟು ಪ್ರತಿ ಭಾಗದ ನಂಬರ್‌ಗೆ ಒಂದೇ ಹೆಸರು ಕೊಡಿ, ಪಕ್ಕದಲ್ಲಿ ‘ಬಳಸಬಾರದ ಹೆಸರು’ ಅಂತ ಉಳಿದವನ್ನು ಬರೆಯಿರಿ. ಹಾಪರ್ ಅಂದರೆ ಕೊನೆಯವರೆಗೂ ಹಾಪರ್. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಕಲಿತದ್ದನ್ನು ಇಲ್ಲಿ ಬಿಡಲೇಬೇಕು: ಹೆಸರು ಬದಲಾದರೆ ಓದುವವ ಬೇರೆ ಭಾಗ ಹುಡುಕುತ್ತಾನೆ. ಅಡಿಕೆಯ ಹೆಸರನ್ನೂ ತೀರ್ಮಾನಿಸಿ. ಮಂಗಳೂರಿನ ಅಡಿಕೆ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಎರಡೂ ‘ಅರೆಕನಟ್’ ಎಂದು ಕೂಡಿಸಿಯೇ ಬರೆಯುವುದು. ‘ಬೀಟಲ್ ನಟ್’ ಬೇಡ, ಬೀಟಲ್ ಅಂದರೆ ವೀಳ್ಯದೆಲೆ.

ಗೂಗಲ್, ಮೈಕ್ರೋಸಾಫ್ಟ್ ಗೈಡ್‌ಗಳು ಆನ್‌ಲೈನ್‌ನಲ್ಲಿ ಉಚಿತ, ವೆಬ್‌ಸೈಟ್ ಬರಹಕ್ಕೆ ಒಳ್ಳೆಯದು. ಆದರೆ ಎರಡರಲ್ಲೂ ಅಮೆರಿಕನ್ ಸ್ಪೆಲ್ಲಿಂಗ್. ನೀವು ಬ್ರಿಟಿಷ್ ಸ್ಪೆಲ್ಲಿಂಗ್ ಬಳಸುವುದಾದರೆ ಹಾಳೆಯಲ್ಲಿ ಅದನ್ನೂ ಬರೆದಿಡಿ, ಇಲ್ಲದಿದ್ದರೆ ಒಂದೇ ಪುಟದಲ್ಲಿ ಎರಡೂ ಬರುತ್ತದೆ.

ಕಡಿಯಾಳಿ ಎಡಿಟರ್

ಆ ವಾಕ್ಯವನ್ನೇ ಬಿಚ್ಚಿ ನೋಡುವ. 29 ಪದ ಉಂಟು.

‘ಇಟ್ ಶುಡ್ ಬಿ ಎನ್ಶೂರ್ಡ್ ದಟ್’ ಪೂರ್ತಿ ತೆಗೆಯಿರಿ. ಯಾರು ಮಾಡಬೇಕು ಅಂತಲೇ ಅದು ಹೇಳುವುದಿಲ್ಲ. ‘ಚೆಕಿಂಗ್ ಆಫ್… ಈಸ್ ಕ್ಯಾರಿಡ್ ಔಟ್’ ಒಳಗೆ ಅಡಗಿರುವ ಕ್ರಿಯಾಪದ ‘ಚೆಕ್’, ಅದನ್ನು ಹೊರಗೆ ತನ್ನಿ. ‘ದ ಸೇಮ್’ ಅಂದರೆ ಬೆಲ್ಟೋ ಮೋಟರೋ? ಕಚೇರಿ ಪತ್ರದಲ್ಲಿ ಹೇಗೋ ನಡೆಯುತ್ತದೆ, ಸ್ಪ್ಯಾನರ್ ಹಿಡಿದವನಿಗೆ ನಡೆಯುವುದಿಲ್ಲ. ‘ಮೇ’ ಅಂದರೆ ಅನುಮತಿ, ‘ಶುಡ್’ ಅಂದರೆ ಸಲಹೆ ಎಂದೂ ಓದಬಹುದು. ಹಂತಕ್ಕೆ ನೇರ ಆಜ್ಞೆ ಸಾಕು, ಕಡ್ಡಾಯವೆಂದು ಒತ್ತಿ ಹೇಳಬೇಕಾದಲ್ಲಿ ‘ಮಸ್ಟ್’.

“ಬಿಫೋರ್ ಯು ಸ್ಟಾರ್ಟ್ ದ ಮೋಟರ್, ಚೆಕ್ ದ ಬೆಲ್ಟ್ ಟೆನ್ಷನ್. ಇಫ್ ದ ಬೆಲ್ಟ್ ಈಸ್ ಲೂಸ್, ಟೈಟನ್ ಇಟ್.”

9 ಪದ, 7 ಪದ. ಇನ್ನೂ ಒಂದು ಕೊರತೆ ಉಳಿದಿದೆ: ಎಷ್ಟು ಸಡಿಲ ಅಂದರೆ ಸಡಿಲ? ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಒತ್ತಿದಾಗ ಎಷ್ಟು ಮಿ.ಮೀ. ಬಗ್ಗಬಹುದು ಎಂಬ ಅಂಕಿಯನ್ನು ಡಿಸೈನ್ ಮಾಡಿದವರಿಂದ ಪಡೆದು ಹಾಕಿ. ಅದು ಭಾಷೆ ತಿದ್ದಿ ಸರಿಯಾಗುವ ವಿಷಯ ಅಲ್ಲ, ಮಾಹಿತಿಯೇ ಇಲ್ಲ.

ಷರತ್ತು ಮೊದಲು, ಕೆಲಸ ಆಮೇಲೆ ಎಂಬುದು ಗೂಗಲ್ ಗೈಡಿನ ನಿಯಮ. ‘ಬೆಲ್ಟ್ ಸಡಿಲವಾಗಿದ್ದರೆ ಬಿಗಿ ಮಾಡಿ’ ಅಂತ ಕನ್ನಡದಲ್ಲಿ ನಾವು ಹೇಳುವುದೂ ಹಾಗೆಯೇ. ಇಂಗ್ಲಿಷ್ ಬರೆಯುವಾಗ ಬೇಕೆಂದೇ ತಿರುಗಿಸಿ ‘ಇಫ್’ ಅನ್ನು ಕೊನೆಗೆ ತಳ್ಳುತ್ತೇವೆ. ಹಾಗೆ ಮಾಡಿದರೆ ಓದುವವ ಷರತ್ತು ತಲುಪುವ ಮೊದಲೇ ಕೈ ಹಾಕಿರುತ್ತಾನೆ.

ಬೈಕಂಪಾಡಿ ವರ್ಕ್‌ಶಾಪ್

ತುಂಬಾ ಉಪಕಾರ. ಇನ್ನೂ ಚಿಕ್ಕದು ಮಾಡಲು ‘ದ’ ಎಲ್ಲ ತೆಗೆಯಬಹುದಾ? ‘ಪ್ಲೀಸ್’ ಇರಬೇಕಾ? ಎಚ್ಚರಿಕೆಗಳನ್ನೆಲ್ಲ ಕೊನೆಯ ಪುಟದಲ್ಲಿ ಒಟ್ಟಿಗೆ ಹಾಕಿದ್ದೇವೆ.

ಮಣಿಪಾಲ ಡಾಕ್ಸ್

‘ದ’ ತೆಗೆಯಬೇಡಿ. ಎಸ್‌ಟಿಇ ಕೂಡ ಆರ್ಟಿಕಲ್ ಇರಲಿ ಅನ್ನುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದ ನಾಮಪದವೂ ಕ್ರಿಯಾಪದವೂ ಆಗುವುದು ಬಹಳ, ಮುಂದೆ ‘ದ’ ಇದ್ದರೆ ಅದು ವಸ್ತು ಎಂದು ಕೂಡಲೇ ಗೊತ್ತಾಗುತ್ತದೆ. ‘ಪ್ಲೀಸ್’, ‘ಕೈಂಡ್ಲಿ’ ಹಂತಗಳಲ್ಲಿ ಬೇಡ, ಗೌರವ ಕಡಿಮೆಯಾಗುವುದಿಲ್ಲ. ‘ಇನ್ ಆರ್ಡರ್ ಟು’ ಇದ್ದಲ್ಲಿ ‘ಟು’, ‘ಡ್ಯೂ ಟು ದ ಫ್ಯಾಕ್ಟ್ ದಟ್’ ಇದ್ದಲ್ಲಿ ‘ಬಿಕಾಸ್’. ಕತ್ತರಿಸಬೇಕಾದದ್ದು ಅಂಥವನ್ನು.

ಎಚ್ಚರಿಕೆ ಆಯಾ ಹಂತದ ಮೊದಲೇ ಬರಬೇಕು. ಏನು ಮಾಡಬೇಕು ಎಂಬುದು ಮೊದಲು, ಮಾಡದಿದ್ದರೆ ಏನಾಗುತ್ತದೆ ಎಂಬುದು ಆಮೇಲೆ. ಜನರಿಗೆ ಗಾಯವಾಗುವುದಾದರೆ ‘ವಾರ್ನಿಂಗ್’, ಯಂತ್ರಕ್ಕೆ ಹಾನಿಯಾದರೆ ‘ಕಾಶನ್’.

ಸುರತ್ಕಲ್ ಸೇಫ್ಟಿ

ಕೊನೆಯ ಮಾತಿಗೆ ಒಂದು ತಿದ್ದುಪಡಿ. ಅದು ಎಸ್‌ಟಿಇ ಪದ್ಧತಿ. ಯಂತ್ರದ ಮೇಲಿನ ಲೇಬಲ್ ಅಮೆರಿಕದ ಸುರಕ್ಷತಾ ಲೇಬಲ್ ಮಾನದಂಡ ಆನ್ಸಿ ಝಡ್535 ಪ್ರಕಾರ ಮಾಡಿದ್ದರೆ ‘ಕಾಶನ್’ ಅಂದರೆ ಮನುಷ್ಯರಿಗೇ ಆಗುವ ಸಣ್ಣ ಅಥವಾ ಮಧ್ಯಮ ಗಾಯ, ವಸ್ತುಹಾನಿಗೆ ಅಲ್ಲಿ ‘ನೋಟಿಸ್’. ಲೇಬಲ್ ಒಂದು ಪದ್ಧತಿ, ಕೈಪಿಡಿ ಇನ್ನೊಂದು ಆದರೆ ಬ್ಲೇಡ್ ಹತ್ತಿರ ಕೈ ಹೋಗುವ ಜಾಗದಲ್ಲೇ ಗೊಂದಲ. ಲೇಬಲ್ ನೋಡಿ ಒಂದನ್ನೇ ಹಿಡಿಯಿರಿ. ಯಂತ್ರದ ವಿಷಯದಲ್ಲಿ ನನ್ನ ಆಯ್ಕೆ ಆನ್ಸಿ.

ದಿನಾಂಕವನ್ನು 04/05 ಅಂತ ಬರೆಯಬೇಡಿ, ತಿಂಗಳ ಹೆಸರು ಬರೆಯಿರಿ. ಅಂಕಿಗೂ ಅಳತೆಯ ಮಾನಕ್ಕೂ ನಡುವೆ ಜಾಗ ಬಿಡಿ.

ಕಡಿಯಾಳಿ ಎಡಿಟರ್

ತಿದ್ದುವಾಗ ಎಲ್ಲವನ್ನೂ ಒಮ್ಮೆಲೇ ನೋಡಬೇಡಿ, ಕಣ್ಣು ತಪ್ಪುತ್ತದೆ. ಒಂದು ಸುತ್ತು ಭಾಗಗಳ ಹೆಸರಿಗೆ: ‘ಬಳಸಬಾರದ ಹೆಸರು’ ಒಂದೊಂದನ್ನೂ ಫೈಂಡ್‌ನಲ್ಲಿ ಹುಡುಕಿ. ಇನ್ನೊಂದು ಸುತ್ತು ವಾಕ್ಯದ ಉದ್ದಕ್ಕೆ. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಒಳಗೆ ರೀಡೆಬಿಲಿಟಿ ಸ್ಟ್ಯಾಟಿಸ್ಟಿಕ್ಸ್ ಟಿಕ್ ಮಾಡಿದರೆ ಪ್ರತಿ ವಾಕ್ಯದ ಸರಾಸರಿ ಪದ ತೋರಿಸುತ್ತದೆ. ಸರಾಸರಿ 14 ಬಂದರೂ ಒಳಗೆ 45 ಪದದ ವಾಕ್ಯ ಅಡಗಿರಬಹುದು, ಹಾಗಾಗಿ ಉದ್ದದವನ್ನು ಕೈಯಲ್ಲೇ ಎಣಿಸಿ.

ಆಮೇಲೆ ಈ ಯಂತ್ರ ಮುಟ್ಟದ ಒಬ್ಬರಿಗೆ ಕೈಪಿಡಿ ಕೊಡಿ. ಪ್ಲಗ್ ತೆಗೆದಿಟ್ಟು ಬೆಲ್ಟ್ ಬದಲಾಯಿಸಲು ಹೇಳಿ, ಬಾಯಿಬಿಟ್ಟು ಸಹಾಯ ಮಾಡಬೇಡಿ. ಅವರು ನಿಂತ ಹಂತದ ನಂಬರ್ ಮಾತ್ರ ಬರೆದುಕೊಳ್ಳಿ, ಆ ಹಂತಗಳನ್ನು ಮೊದಲು ತಿದ್ದಿ.